ಪಂಜರ ಮೀನು ಕೃಷಿ: ಅಳಿವೆಯ ತಳದ ಕೆಸರನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ನದಿಗಳು ಸಮುದ್ರ ಸೇರುವ ಕರಾವಳಿಯ ಅಳಿವೆಗಳಲ್ಲಿ ಪಂಜರ ಮೀನು ಕೃಷಿಗೆ, ಅಂದರೆ ನೀರಿಗೆ ಇಳಿಸಿದ ಬಲೆಯ ಪಂಜರಗಳಲ್ಲಿ ಮೀನು ಸಾಕುವುದಕ್ಕೆ, ಸರ್ಕಾರ ಸಹಾಯಧನ ನೀಡುತ್ತಿರುವುದು ಸ್ವಾಗತಾರ್ಹ. ಆದರೆ ಪಂಜರ ಇಳಿಸುವಾಗ ಇರುವ ಉತ್ಸಾಹ ಅದರ ಕೆಳಗಿನ ನೀರು ಮತ್ತು ಕೆಸರಿನ ಸ್ಥಿತಿಯನ್ನು ಪರೀಕ್ಷಿಸುವುದರಲ್ಲೂ ಇರಬೇಕು. ಘಟ್ಟದ ಮೇಲಿನ ಸಕಲೇಶಪುರದ ಕಾಫಿ ಬೆಳೆಗಾರನಾದ ನಾನು ಇದನ್ನು ಬರೆಯಲು ಕಾರಣವಿದೆ. ನಮ್ಮ ತಾಲ್ಲೂಕಿನ ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಗುಂಡ್ಯದ ಮೂಲಕ ಕುಮಾರಧಾರೆಯನ್ನು, ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಅಳಿವೆಗೆ ಇಳಿಯುತ್ತದೆ.

ಸೀಗಡಿ ಕೊಳಗಳ ಹಾವಳಿಯ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿದ ಬಳಿಕ, 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಬಂತು. 2023ರ ತಿದ್ದುಪಡಿ ಪಂಜರ ಕೃಷಿಯನ್ನೂ ಅದರ ವ್ಯಾಪ್ತಿಗೆ ತಂದಿತು. ಜೊತೆಗೆ ಹಿಂದಿದ್ದ ಜೈಲು ಶಿಕ್ಷೆಯ ಬದಲು ದಂಡವನ್ನು ನಿಗದಿಪಡಿಸಿತು. ದಂಡ ವಿಧಿಸಬೇಕಾದರೆ ಸಾಕ್ಷ್ಯ ಬೇಕು. ಕೊಳಕ್ಕೆ ನೀರು ಹೊರಹೋಗುವ ತೂಬು ಇರುತ್ತದೆ, ಅಲ್ಲಿ ಮಾದರಿ ಸಂಗ್ರಹಿಸಬಹುದು. ಪಂಜರಕ್ಕೆ ತೂಬಿಲ್ಲ. ಮೀನು ತಿನ್ನದೆ ಬಿಟ್ಟ ಆಹಾರವೂ ಅದರ ಹಿಕ್ಕೆಯೂ ನೇರವಾಗಿ ತಳಕ್ಕೆ ಇಳಿದು ಕೊಳೆಯುತ್ತವೆ. ಹರಿವು ಕಡಿಮೆ ಇರುವಲ್ಲಿ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ತಳದಲ್ಲಿ ಬದುಕುವ, ಜನ ತಿನ್ನುವ ಮರುವಾಯಿ ಚಿಪ್ಪುಗಳು ಅಲ್ಲಿ ಉಳಿಯಲಾರವು. ಅವನ್ನು ಹೆಕ್ಕಿ ಬದುಕುವ ಕುಟುಂಬಗಳೇ ಮೊದಲು ನಷ್ಟ ಅನುಭವಿಸುತ್ತವೆ.

ಪರೀಕ್ಷೆ ಯಾವಾಗ ನಡೆಯುತ್ತದೆ ಎಂಬುದು ಪರೀಕ್ಷೆಯಷ್ಟೇ ಮುಖ್ಯ. ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗಿನ ಜಾವ ಅತಿ ಕಡಿಮೆ ಇರುತ್ತದೆ, ಏಕೆಂದರೆ ರಾತ್ರಿಯಿಡೀ ಪಾಚಿಯೂ ಮೀನುಗಳೂ ಅದನ್ನು ಬಳಸಿಕೊಂಡಿರುತ್ತವೆ. ಕಚೇರಿ ವೇಳೆಯಲ್ಲಿ ಹನ್ನೊಂದು ಗಂಟೆಗೆ ತೆಗೆದ ಮಾದರಿಯಲ್ಲಿ ಆ ಕೊರತೆ ಕಾಣುವುದೇ ಇಲ್ಲ. ಹಾಗೆಯೇ ಮಳೆಗಾಲ ಮುಗಿದ ಮೇಲೆ ಮರಿ ಬಿಟ್ಟು ಮೇ ಹೊತ್ತಿಗೆ ಹಿಡಿಯುವ ಕಡೆಗಳಲ್ಲಿ, ಮೀನಿನ ತೂಕ ಹೆಚ್ಚಿ ನೀರು ಬಿಸಿಯಾಗಿ ನದಿಯ ಹರಿವು ಕ್ಷೀಣಿಸುವ ಏಪ್ರಿಲ್–ಮೇ ತಿಂಗಳುಗಳೇ ನಿಜವಾದ ಪರೀಕ್ಷೆಯ ಕಾಲ. ಆಗಸ್ಟ್‌ನ ನೆರೆ ತಳವನ್ನು ತೊಳೆದ ಮೇಲೆ ಬರೆದ ವರದಿಯನ್ನು ನಾನಂತೂ ನಂಬಲಾರೆ.

ನಾರ್ವೆಯಲ್ಲಿ ಎನ್‌ಎಸ್ 9410 ಎಂಬ ಮಾನದಂಡದ ಪ್ರಕಾರ ಪಂಜರದ ಕೆಳಗಿನ ಕೆಸರಿನ ಬಣ್ಣ, ವಾಸನೆ, ರಾಸಾಯನಿಕ ಸ್ಥಿತಿ ಮತ್ತು ಅದರಲ್ಲಿರುವ ಜೀವಿಗಳನ್ನು ನೋಡಿ 1ರಿಂದ 4ರವರೆಗೆ ದರ್ಜೆ ನೀಡುತ್ತಾರೆ. ದರ್ಜೆ ಕೆಟ್ಟಷ್ಟೂ ತಪಾಸಣೆ ಹೆಚ್ಚುತ್ತದೆ. ಒಂದು ಬೆಳೆ ಹಿಡಿದ ಮೇಲೆ ಕನಿಷ್ಠ ಎರಡು ತಿಂಗಳು ಜಾಗವನ್ನು ಖಾಲಿ ಬಿಡುತ್ತಾರೆ. ನಮ್ಮ ಅಳಿವೆಗಳು ಅವರ ಆಳವಾದ, ತಣ್ಣಗಿನ ಸಮುದ್ರದಂತಲ್ಲವಾದ್ದರಿಂದ ಅವರ ಅಂಕಿಗಳನ್ನು ನಕಲು ಮಾಡಲಾಗದು, ಆದರೆ ಈ ಕ್ರಮವನ್ನು ಅನುಸರಿಸಬಹುದು.

ಇನ್ನು ನಮ್ಮ ಪಾಲಿನ ಮಾತು. ಅಳಿವೆಯಲ್ಲಿ ಸಾರಜನಕ ಹೆಚ್ಚಿದಾಗ ಅದು ಪಂಜರದಿಂದ ಬಂದದ್ದೋ, ಮಂಗಳೂರು ನಗರದ ಚರಂಡಿಯದ್ದೋ, ಮುಂಗಾರಿನಲ್ಲಿ ತೋಟಗಳಿಂದ ಕೊಚ್ಚಿಹೋದ ಗೊಬ್ಬರವೋ ಎಂದು ತಿಳಿಯಬೇಕಾದರೆ ನದಿಯ ಮೇಲ್ಭಾಗದಲ್ಲೂ ಅಳತೆ ಇರಬೇಕು. ಕೊಯ್ಲಿನ ಕಾಲದಲ್ಲಿ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ ಉಳಿಯುವ ಕೊಳೆ ನೀರು, ಹಳ್ಳಗಳಿಗೆ ಸೇರುವುದನ್ನು ನಾವು ಬೆಳೆಗಾರರು ಮುಚ್ಚಿಡಬಾರದು. ಗುಂಡ್ಯ ಮತ್ತು ಉಪ್ಪಿನಂಗಡಿಯಲ್ಲಿ ತಿಂಗಳಿಗೊಮ್ಮೆ ನೀರು ಪರೀಕ್ಷಿಸಿದರೆ ಅಳಿವೆಯ ಅಂಕಿಗಳೊಂದಿಗೆ ಹೋಲಿಸಬಹುದು. ಮಳೆಗಾಲದ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆತಿರುವುದರಿಂದ ಈ ಹೋಲಿಕೆ ಇನ್ನೂ ಅಗತ್ಯ.

ಆದ್ದರಿಂದ ಮೀನುಗಾರಿಕೆ ಇಲಾಖೆಯು ಮುಂದಿನ ಬಾರಿ ಮರಿ ಬಿಡುವ ಮೊದಲೇ ಪ್ರತಿ ಪಂಜರ ಸಮೂಹದ ಕೆಳಗೂ, ಅದರಿಂದ ದೂರದ ಪಂಜರವಿಲ್ಲದ ಒಂದು ಜಾಗದಲ್ಲೂ ಕೆಸರಿನ ಮಾದರಿ ತೆಗೆದಿಡಬೇಕು. ಪರೀಕ್ಷೆಯನ್ನು ಪಂಜರದ ಮಾಲೀಕರಿಗಾಗಲಿ ಸಹಾಯಧನ ಕೊಡುವವರಿಗಾಗಲಿ ವಹಿಸದೆ ಸ್ವತಂತ್ರ ಪ್ರಯೋಗಾಲಯಕ್ಕೆ ಒಪ್ಪಿಸಿ, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿ ಮತ್ತು ಮೀನುಗಾರರ ಸಹಕಾರ ಸಂಘದ ಫಲಕದಲ್ಲಿ ಕನ್ನಡದಲ್ಲೇ ಪ್ರಕಟಿಸಬೇಕೆಂದು ಒತ್ತಾಯಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ, ಹಾಸನ ಜಿಲ್ಲೆ