ಎಷ್ಟು ಜನ ಸೇರುತ್ತೀರಿ ನೋಡಿ, ಆಮೇಲೆ ಗೇಮ್ ಕೊಳ್ಳಿ

ಸಂಪಾದಕರೇ,

ಗೆಳೆಯರ ಗುಂಪಿಗೆ ಯಾವ ಬೋರ್ಡ್ ಗೇಮ್ ಕೊಳ್ಳಬೇಕು ಅಂತ ತುಂಬಾ ಜನ ಕೇಳುತ್ತಾರೆ. ಇವು ದುಬಾರಿ, ಸುಮ್ನೆ ಹೆಸರು ಕೇಳಿ ತರಬೇಡಿ. ಎಲ್ಲರೂ ಮೊದಲು ಹೇಳುವುದು 1995ರ ಕಟಾನ್. ಮರ, ಇಟ್ಟಿಗೆ, ಕುರಿ ಅಂತ ಚೌಕಾಸಿ ಮಾಡಿ ಬದಲಾಯಿಸಿಕೊಳ್ಳುವ ಮಜಾ ಅದರಲ್ಲಿ ನಿಜಕ್ಕೂ ಇದೆ, ಆದರೆ ಮೂಲ ಪೆಟ್ಟಿಗೆಯಲ್ಲಿ ಆಡಬಹುದಾದದ್ದು ಮೂರು ಅಥವಾ ನಾಲ್ಕು ಜನ ಮಾತ್ರ, ಐದನೆಯವರು ಬಂದರೆ ಇನ್ನೊಂದು ಪೆಟ್ಟಿಗೆಗೆ ದುಡ್ಡು ಹಾಕಬೇಕು. ಹೊಸಬರಿದ್ದರೆ ಟಿಕೆಟ್ ಟು ರೈಡ್ ವಾಸಿ. ಐದು ಜನ ಆಡಬಹುದು, ನಿಯಮ ಬೇಗ ತಲೆಗೆ ಹತ್ತುತ್ತದೆ.

ಆರೇಳು ಜನರಿದ್ದರೆ ಸೆವೆನ್ ವಂಡರ್ಸ್ ತನ್ನಿ. ಎಲ್ಲರೂ ಒಟ್ಟಿಗೇ ಕಾರ್ಡ್ ಆರಿಸುವುದರಿಂದ ಸರದಿ ಕಾಯುತ್ತಾ ಕೂರಬೇಕಿಲ್ಲ, ಜನ ಜಾಸ್ತಿಯಾದರೂ ಆಟ ಎಳೆಯುವುದಿಲ್ಲ.

ನನಗೆ ಬಹಳ ಇಷ್ಟವಾದದ್ದು 2008ರ ಪ್ಯಾಂಡೆಮಿಕ್. ನಾಲ್ಕು ಜನರವರೆಗೆ ಆಡಬಹುದು. ಎಲ್ಲರೂ ಸೇರಿ ನಾಲ್ಕು ರೋಗಗಳಿಗೆ ಮದ್ದು ಹುಡುಕಬೇಕು, ಗೆದ್ದರೆ ಎಲ್ಲರೂ, ಸೋತರೂ ಎಲ್ಲರೂ. ಒಂದೇ ಎಚ್ಚರ: ಜೋರು ಬಾಯಿಯವರೊಬ್ಬರು ಎಲ್ಲರ ಆಟವನ್ನೂ ತಾವೇ ಆಡಿಬಿಡುತ್ತಾರೆ, ಅದಕ್ಕೆ ಬಿಡಬಾರದು.

ಸಿನಿಮಾ ವಿಮರ್ಶೆಯ ಹಾಗೆ ಇಂಥ ಆಟಗಳ ಪರಿಚಯವೂ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರಬಹುದು ಅಲ್ವಾ? ದಯವಿಟ್ಟು ಶುರು ಮಾಡಿ.

– ಒಬ್ಬ ಓದುಗ, ಮೈಸೂರು