ಗೆಳೆಯನಿಗೊಂದು ಪತ್ರ: ಲಿಂಕನ್‌ಗೆ ಗೊತ್ತಿರದ ಅವನ ಹಿರೀಕರು

ಪ್ರೀತಿಯ ಗೆಳೆಯಾ,

ನಿನ್ನ ಪಕ್ಕದ ಮನೆಯ ಅಜ್ಜಿ ತೋರಿಸಿದ ವಂಶವೃಕ್ಷದ ಫೋಟೋ ನೋಡಿದೆ. 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂದವನಿಂದ ಹಿಡಿದು ಇವತ್ತಿನ ಮೊಮ್ಮಕ್ಕಳವರೆಗೆ ಎಲ್ಲರ ಹೆಸರೂ ಇದೆ, ಎಲ್ಲೂ ಒಂದು ಖಾಲಿ ಜಾಗ ಇಲ್ಲ. ಇದನ್ನು ನಂಬಬಹುದಾ, ಇವರಿಗೆ ಇಷ್ಟೆಲ್ಲಾ ಹೇಗೆ ಗೊತ್ತಾಯಿತು, ನಮ್ಮ ಕಡೆ ಹೆಳವರು ಇರುವ ಹಾಗೆ ಅಲ್ಲೂ ಯಾರಾದರೂ ಇದ್ದಾರಾ ಅಂತ ಕೇಳಿದ್ದೀಯ.

ಹೆಳವರಂಥವರು ಅಲ್ಲಿಲ್ಲ. ಎತ್ತು ಹೊಡೆದುಕೊಂಡು ಮನೆಬಾಗಿಲಿಗೆ ಬಂದು, ಹಿರೀಕರ ಹೆಸರು ಒಂದೊಂದಾಗಿ ಹೇಳಿ, ಕಾಳು ಪಡೆದು ಹೋಗುವವರು ಯಾರೂ ಇಲ್ಲ. ಅಲ್ಲಿ ಇರುವುದು ಕಾಗದ. ಚರ್ಚಿನ ಪುಸ್ತಕ, ಊರಿನ ಜನನ ಮರಣದ ಪುಸ್ತಕ, ಉಯಿಲು, ಕ್ರಯಪತ್ರ, ಜನಗಣತಿ. ಈ ಕಾಗದ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದು ಸುಮ್ನೆ ಹೇಳಿದರೆ ತಿಳಿಯುವುದಿಲ್ಲ. ಅದಕ್ಕೇ ಒಂದು ಮನೆತನದ ಕತೆ ಬರೆಯುತ್ತಿದ್ದೇನೆ. ಅಬ್ರಹಾಂ ಲಿಂಕನ್ ಮನೆತನ. ಆ ದೇಶದ ಅಧ್ಯಕ್ಷನಾದವನಿಗೇ ತನ್ನ ಅಜ್ಜನಿಂದ ಆಚೆಗೆ ಯಾರ ಹೆಸರೂ ಗೊತ್ತಿರಲಿಲ್ಲ ಅಂದರೆ ನಂಬುತ್ತೀಯಾ? ಸಾಯುವವರೆಗೂ ಗೊತ್ತಾಗಲಿಲ್ಲ.

1848ರಲ್ಲಿ ಲಿಂಕನ್ ಇನ್ನೂ ಇಲಿನಾಯ್‌ನ ಒಬ್ಬ ಸಂಸದ, ಅಷ್ಟೇ. ಮ್ಯಾಸಚೂಸೆಟ್ಸ್‌ನ ಹಿಂಗಮ್ ಅನ್ನುವ ಊರಿನಿಂದ ಸಾಲೊಮನ್ ಲಿಂಕನ್ ಎಂಬುವರು ಅವನಿಗೆ ಕಾಗದ ಬರೆದು, ನಿಮ್ಮ ಮನೆತನ ಎಲ್ಲಿಯದು ಅಂತ ಕೇಳಿದರು. ಆ ಊರಿನ ತುಂಬ ಲಿಂಕನ್‌ಗಳೇ. ಇವನು ಮಾರ್ಚ್‌ನಲ್ಲಿ ಕೊಟ್ಟ ಉತ್ತರ ಈಗಲೂ ಉಳಿದಿದೆ, ನನಗೆ ಬಹಳ ಇಷ್ಟವಾದ ಕಾಗದ ಅದು. ಅದರಲ್ಲಿ ಅವನು ಹೇಳಿದ್ದು ಹೀಗೆ: ನನ್ನ ತಂದೆ ಥಾಮಸ್, ಅಜ್ಜನ ಹೆಸರು ನನ್ನದೇ, ಅಬ್ರಹಾಂ. ಅಜ್ಜ ಸುಮಾರು 1782ರಲ್ಲಿ ವರ್ಜೀನಿಯಾದ ರಾಕಿಂಗಮ್ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕೆಂಟಕಿಗೆ ಹೋದ, ಎರಡು ವರ್ಷದ ಮೇಲೆ ಮೂಲನಿವಾಸಿಗಳ ಕೈಯಲ್ಲಿ ಸತ್ತ. ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾಕ್ಕೆ ಬಂದವನು, ಕ್ವೇಕರ್ ಎಂಬ ಕ್ರೈಸ್ತ ಪಂಥದವನು ಅಂತ ಮನೆಯಲ್ಲಿ ಒಂದು ಮಸುಕು ಮಾತು ಇದೆ. ಇದಕ್ಕಿಂತ ಹೆಚ್ಚು ನಾನು ಕೇಳಿಲ್ಲ. ಇಷ್ಟು ಬರೆದು, ನಮ್ಮಲ್ಲಿ ಅಬ್ರಹಾಂ, ಮೊರ್ಡೆಕಾಯ್ ಅನ್ನುವ ಹೆಸರು ಜಾಸ್ತಿ, ನಿಮ್ಮ ಕಡೆ ಹೆಚ್ಚಾಗಿರುವ ಲೆವೈ ಅನ್ನುವ ಹೆಸರು ಮಾತ್ರ ನಮ್ಮಲ್ಲಿ ನಾನು ಕಂಡಿಲ್ಲ ಅಂತಲೂ ಸೇರಿಸಿದ್ದಾನೆ.

ನೋಡು, ಎಷ್ಟು ಗೊತ್ತೋ ಅಷ್ಟು. ಮನೆಮಾತನ್ನು ಮನೆಮಾತು ಎಂದೇ ಹೇಳಿದ್ದಾನೆ, ಗಟ್ಟಿ ಸಂಗತಿಯ ಸಾಲಿಗೆ ಸೇರಿಸಿಲ್ಲ. ದೊಡ್ಡ ಮನೆತನದ ನಂಟು ತಾನಾಗಿಯೇ ಬಾಗಿಲಿಗೆ ಬಂದಿತ್ತು, ಹೌದು ನಾವೂ ನಿಮ್ಮವರೇ ಅಂದುಬಿಡಬಹುದಿತ್ತು. ಅವನು ಹಾಗೆ ಅನ್ನಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವೂಸ್ಟರ್‌ನಲ್ಲಿ ಮಾಜಿ ಗವರ್ನರ್ ಲೆವೈ ಲಿಂಕನ್ ಅವರ ಮನೆಯಲ್ಲಿ ಊಟ ಮಾಡಿದ. ಇಬ್ಬರೂ ಒಬ್ಬನೇ ಮೂಲಪುರುಷನ ವಂಶದವರು, ಆದರೆ ಅದು ಆ ದಿನ ಪಂಕ್ತಿಯಲ್ಲಿ ಕೂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. 1859ರ ಕೊನೆಯಲ್ಲಿ ತನ್ನ ಬಗ್ಗೆ ಬರೆದ ಪುಟ್ಟ ಪರಿಚಯದಲ್ಲೂ, ಹುಡುಕಿದ್ದಕ್ಕೆ ಎರಡು ಕಡೆಯೂ ಒಂದೇ ಥರದ ಹೆಸರುಗಳಿವೆ ಅನ್ನುವುದು ಬಿಟ್ಟು ಬೇರೇನೂ ಸಿಗಲಿಲ್ಲ ಅಂತಲೇ ಬರೆದ.

ಸತ್ಯ ಏನಾಗಿತ್ತು ಅಂದರೆ, ಹಿಂಗಮ್‌ನ ನಂಟು ನಿಜವೇ ಆಗಿತ್ತು. ಸ್ಯಾಮ್ಯುಯೆಲ್ ಲಿಂಕನ್ ಎಂಬ ಹದಿಹರೆಯದ ಹುಡುಗ, ಇಂಗ್ಲೆಂಡಿನ ನಾರ್ಫೋಕ್‌ನ ಹಿಂಗಮ್‌ನಲ್ಲಿ 1622ರಲ್ಲಿ ದೀಕ್ಷಾಸ್ನಾನ ಆದವನು, ಒಬ್ಬ ನೇಕಾರನ ಕೈಕೆಳಗೆ ಕೆಲಸ ಕಲಿಯುವ ಹುಡುಗನಾಗಿ 1637ರಲ್ಲಿ ಸಮುದ್ರ ದಾಟಿ ಬಂದ. ಅದೇ ಊರಿನವರು ಬಂದು ನೆಲೆಸಿ ಅದೇ ಹೆಸರಿಟ್ಟ ಮ್ಯಾಸಚೂಸೆಟ್ಸ್‌ನ ಹಿಂಗಮ್‌ನಲ್ಲಿ ನಿಂತ. ಅವನಿಗೆ ಹನ್ನೊಂದು ಮಕ್ಕಳು.

ಇಲ್ಲಿ ಶುರುವಾಗುತ್ತದೆ ಹೆಸರಿನ ಗೋಜಲು. ಆ ಪುಟ್ಟ ಊರಿನಲ್ಲಿ ಆಗ ಥಾಮಸ್ ಲಿಂಕನ್ ಅಂತಲೇ ನಾಲ್ಕು ಜನ ಇದ್ದರು. ದಾಖಲೆ ಬರೆಯುವವನಿಗೂ ಗೊಂದಲ ಆಗಿರಬೇಕು, ಅದಕ್ಕೇ ನೇಕಾರ ಥಾಮಸ್, ಗಿರಣಿ ಥಾಮಸ್, ಪೀಪಾಯಿ ಮಾಡುವ ಥಾಮಸ್, ಬೇಸಾಯದ ಥಾಮಸ್ ಅಂತ ಕಸುಬು ಸೇರಿಸಿ ಬರೆದಿದ್ದಾರೆ. ನೇಕಾರ ಥಾಮಸ್ ನಮ್ಮ ಸ್ಯಾಮ್ಯುಯೆಲ್‌ನ ಅಣ್ಣ. ಕಸುಬು ನೋಡದೆ ಬರೀ ಹೆಸರು ನೋಡಿ ಗೆರೆ ಎಳೆದರೆ ಗಿರಣಿಯವನ ಮಕ್ಕಳು ನೇಕಾರನ ಮನೆಗೆ ಸೇರಿಬಿಡುತ್ತಾರೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಎಷ್ಟೋ ವಂಶವೃಕ್ಷಗಳು ಕೆಡುವುದು ಹೀಗೇ. ಒಬ್ಬರು ತಪ್ಪು ಗೆರೆ ಎಳೆಯುತ್ತಾರೆ, ಮಿಕ್ಕವರು ಅದನ್ನೇ ನಕಲು ಮಾಡುತ್ತಾರೆ, ಆಮೇಲೆ ಇಷ್ಟೊಂದು ಕಡೆ ಇದೆಯಲ್ಲ, ನಿಜವೇ ಇರಬೇಕು ಅಂತ ಎಲ್ಲರೂ ನಂಬುತ್ತಾರೆ.

ಸ್ಯಾಮ್ಯುಯೆಲ್‌ನ ಮಗ ಮೊರ್ಡೆಕಾಯ್, 1657ರಲ್ಲಿ ಹುಟ್ಟಿದವನು, ಕಮ್ಮಾರ, ಸಿಚುಯೇಟ್ ಊರಿನಲ್ಲಿ ನೆಲೆಸಿದ. ಅವನ ಮಗನೂ ಮೊರ್ಡೆಕಾಯ್. ಇಲ್ಲಿಯವರೆಗೆ ದಾರಿ ಅಷ್ಟು ಕಷ್ಟವಿಲ್ಲ, ಯಾಕೆಂದರೆ ಮ್ಯಾಸಚೂಸೆಟ್ಸ್‌ನಲ್ಲಿ 1639ರಿಂದಲೇ ಹುಟ್ಟು, ಮದುವೆ, ಸಾವು ಬರೆದಿಡಬೇಕು ಅಂತ ಕಾನೂನು ಇತ್ತು. ಈ ಎರಡನೆಯ ಮೊರ್ಡೆಕಾಯ್ ಊರು ಬಿಟ್ಟು ದಕ್ಷಿಣಕ್ಕೆ ಹೊರಟ. ಮೊದಲು ನ್ಯೂಜೆರ್ಸಿಯ ಮಾನ್ಮತ್ ಕೌಂಟಿ, ಅಲ್ಲಿ ಹನ್ನಾ ಸಾಲ್ಟರ್ ಜೊತೆ ಸಂಸಾರ, ಆಮೇಲೆ ಪೆನ್ಸಿಲ್ವೇನಿಯಾ. ನ್ಯೂಜೆರ್ಸಿಯ ಒಂದು ಹಳೆಯ ಸ್ಮಶಾನದಲ್ಲಿ ಇವರ ಮಗಳು ಡೆಬೊರಾಳ ಸಮಾಧಿ ಕಲ್ಲು ಇದೆ. ಅದರ ಮೇಲೆ ಇರುವುದು ಇಷ್ಟೇ: ಹೆಸರು, ವಯಸ್ಸು 3 ವರ್ಷ 4 ತಿಂಗಳು, ಮೇ 15, 1720. ಇಂಗ್ಲಿಷಿನಲ್ಲಿ Lincoln ಅಂತ ಬರೆಯಬೇಕಾದ ಕಡೆ ಎರಡನೆಯ 'ಎಲ್' ಅಕ್ಷರವೇ ಇಲ್ಲ. ಹಳ್ಳಿಯ ಯಾವನೋ ಕಲ್ಲುಕುಟಿಗ ಕಿವಿಗೆ ಕೇಳಿದ ಹಾಗೆ ಕೆತ್ತಿರಬೇಕು. ಆ ಕೂಸಿನ ಕಲ್ಲು ಇಲ್ಲದಿದ್ದರೆ ಆ ವರ್ಷ ಆ ಸಂಸಾರ ಅಲ್ಲಿತ್ತು ಅನ್ನುವುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ನಮಗೆ ಸಿಗುತ್ತಿರಲಿಲ್ಲ. ಅದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಇಡೀ ಸರಪಳಿಯ ಮುಖ್ಯ ಕೊಂಡಿಗೆ ಬರುತ್ತೇನೆ. ಮೊರ್ಡೆಕಾಯ್ 1736ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡ. ಅವನು ಕಟ್ಟಿಸಿದ ಮನೆ ಈಗಲೂ ಬರ್ಕ್ಸ್ ಕೌಂಟಿಯಲ್ಲಿ ನಿಂತಿದೆ. ಆದರೆ ಅವನ ಉಯಿಲನ್ನು ಬರ್ಕ್ಸ್ ಕೌಂಟಿ ಕಚೇರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಬರ್ಕ್ಸ್ ಕೌಂಟಿ ಆಗಿದ್ದೇ 1752ರಲ್ಲಿ! ಅವನ ಕಾಲಕ್ಕೆ ಅದು ಫಿಲಡೆಲ್ಫಿಯಾ ಕೌಂಟಿ, ಉಯಿಲು ಇರುವುದೂ ಅಲ್ಲೇ. ಆ ಉಯಿಲಿನಲ್ಲಿ ಹಿರಿಯ ಮಗ ಜಾನ್‌ಗೆ ನ್ಯೂಜೆರ್ಸಿಯಲ್ಲಿದ್ದ 300 ಎಕರೆ ಬರೆದಿದ್ದಾನೆ. ಆ ಜಮೀನನ್ನು ಜಾನ್ ಆಮೇಲೆ ಮಾರಿದ, ಕ್ರಯಪತ್ರದಲ್ಲಿ ಮೊರ್ಡೆಕಾಯ್‌ನ ಮಗ ಎಂದೇ ಬರೆಸಿದ. ಮೂರು ಕಡೆ ಇದ್ದದ್ದು ಒಂದೇ ಮನೆಯವರು, ಹೆಸರು ಸುಮ್ನೆ ತಾಳೆಯಾದದ್ದಲ್ಲ ಅಂತ ಹೇಳುವ ಧೈರ್ಯ ಬರುವುದು ಇಂಥ ಕಾಗದದಿಂದ. ಜಮೀನಿನ ಕಾಗದಕ್ಕೆ ಇರುವ ಬೆಲೆ ಅದು. ಹೆಸರಿನ ಅಕ್ಷರ ತಪ್ಪಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆಸ್ತಿಯ ಹಕ್ಕು ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಯಾರೂ ಬಿಡುವುದಿಲ್ಲ, ನಮ್ಮಲ್ಲೂ ಹಾಗೇ ಅಲ್ವಾ?

ಈ ಜಾನ್ ಸುಮಾರು 1768ರಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ವರ್ಜೀನಿಯಾದ ಶೆನಂಡೋವಾ ಕಣಿವೆಗೆ, ಲಿನ್ವಿಲ್ ಕ್ರೀಕ್ ಎಂಬ ಹಳ್ಳದ ದಡಕ್ಕೆ ಹೋದ. ವರ್ಜೀನಿಯಾ ಜಾನ್ ಅಂತಲೇ ಅವನನ್ನು ಕರೆಯುತ್ತಾರೆ. ಅಧ್ಯಕ್ಷನ ಮುತ್ತಜ್ಜ ಇವನೇ. ಅಂದರೆ ಪೆನ್ಸಿಲ್ವೇನಿಯಾದಿಂದ ಬಂದವನು ಅನ್ನುವ ಮನೆಮಾತು ಅಕ್ಷರಶಃ ನಿಜ! ಕ್ವೇಕರ್ ಅನ್ನುವ ಮಾತು ಬೇರೆ. ಜಾನ್‌ನ ತಮ್ಮನೊಬ್ಬ ಕ್ವೇಕರ್ ಮನೆಯ ಆನ್ ಬೂನ್ ಎಂಬುವಳನ್ನು ಮದುವೆಯಾಗಿದ್ದ, ಹಾಗಾಗಿ ಆ ಮಾತು ಹುಟ್ಟಿದ್ದು ನೆರೆಹೊರೆಯಿಂದ, ನೆಂಟಸ್ತಿಕೆಯಿಂದ ಅಂತ ನನಗನ್ನಿಸುತ್ತದೆ. ಲಿನ್ವಿಲ್‌ನಲ್ಲಿ ಆ ಮನೆತನದ ಐದು ತಲೆಮಾರಿನವರ ಸಮಾಧಿಗಳಿವೆ, ಅವರ ಮನೆಯಲ್ಲಿದ್ದ ಇಬ್ಬರು ಗುಲಾಮರನ್ನೂ ಅಲ್ಲೇ ಮಣ್ಣು ಮಾಡಿದ್ದಾರೆ. ಗುಲಾಮಗಿರಿಯನ್ನು ಕೊನೆಗಾಣಿಸಿದವನ ಬಂಧುಗಳ ಮನೆಯಲ್ಲೇ ಗುಲಾಮರಿದ್ದರು ಅನ್ನುವುದನ್ನು ಮುಚ್ಚಿಡಬಾರದು.

ಇನ್ನೊಂದು ಸಂಗತಿ ಕೇಳು. 1864ರ ಜೂನ್‌ನಲ್ಲಿ, ಅಂತರ್ಯುದ್ಧದ ನಡುವೆ, ರಾಕಿಂಗಮ್ ಕೌಂಟಿಯ ಕೋರ್ಟ್ ಪುಸ್ತಕಗಳನ್ನು ಬಚ್ಚಿಡಲು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದಾಗ ಒಕ್ಕೂಟದ ಸೈನಿಕರು ಬೆಂಕಿ ಹಚ್ಚಿದರು. ಎಷ್ಟೋ ಉಯಿಲು, ಕ್ರಯಪತ್ರ ಸುಟ್ಟುಹೋದವು. ಆಗ ಆ ಸೇನೆಯ ಮಹಾದಂಡನಾಯಕ ಅಧ್ಯಕ್ಷ ಲಿಂಕನ್, ಅವನ ಅಪ್ಪ ಹುಟ್ಟಿದ್ದು ಅದೇ ಕೌಂಟಿಯಲ್ಲಿ.

ಜಾನ್‌ನ ಮಗ ಕ್ಯಾಪ್ಟನ್ ಅಬ್ರಹಾಂ ಕೆಂಟಕಿಯಲ್ಲಿ 400 ಎಕರೆ ಹಿಡಿದ. ಆ ಜಮೀನಿನ ಕಾಗದದಲ್ಲಿ ಅವನ ಹೆಸರು ಲಿಂಕ್‌ಹಾರ್ನ್ ಅಂತ ಇದೆ. 1786ರಲ್ಲಿ ಹೊಲದಲ್ಲಿ ಕೆಲಸ ಮಾಡುವಾಗ ಗುಂಡು ತಾಗಿ ಸತ್ತ. ಕಿರಿಯ ಮಗ ಥಾಮಸ್ ಹೆಣದ ಪಕ್ಕದಲ್ಲೇ ಇದ್ದ, ಇನ್ನೂ ಚಿಕ್ಕ ಹುಡುಗ. ಅವನ ಕಡೆಗೆ ಬಂದ ಮೂಲನಿವಾಸಿಯನ್ನು ಹಿರಿಯ ಅಣ್ಣ ಮೊರ್ಡೆಕಾಯ್ ಮನೆಯೊಳಗಿನಿಂದ ಗುಂಡು ಹಾರಿಸಿ ಕೊಂದ. ಎಲ್ಲ ಕತೆಗಳಿಗಿಂತ ಇದೇ ನನ್ನ ಮನಸ್ಸಿನಲ್ಲಿ ಆಳವಾಗಿ ಅಚ್ಚೊತ್ತಿದೆ ಅಂತ ಲಿಂಕನ್ ಮುಂದೆ ಒಬ್ಬ ನೆಂಟನಿಗೆ ಬರೆದ. 1848ರ ಕಾಗದದ ಲೆಕ್ಕ ಹಿಡಿದರೆ ಇದು 1784ಕ್ಕೆ ಬರುತ್ತದೆ. ಬಾಯಿಂದ ಬಾಯಿಗೆ ಬಂದ ಕತೆಯ ಸ್ವಭಾವವೇ ಇದು, ಘಟನೆ ಉಳಿಯುತ್ತದೆ, ವರ್ಷ ಜಾರುತ್ತದೆ. ಹಿರಿಯ ಮಗನಿಗೇ ಆಸ್ತಿ ಅನ್ನುವ ಅಂದಿನ ಕಾನೂನಿನಿಂದ ಜಮೀನು ಅಣ್ಣನಿಗೆ ಹೋಯಿತು, ಥಾಮಸ್ ಕೂಲಿನಾಲಿ ಮಾಡಿ ಬೆಳೆದು ಬಡಗಿಯಾದ. ಆಸ್ತಿ ಇಲ್ಲದವನ ಬಳಿ ಕಾಗದವೂ ಕಡಿಮೆ. ಲಿಂಕನ್‌ಗೆ ಹಿರೀಕರ ಹೆಸರು ಗೊತ್ತಿಲ್ಲದ್ದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ನಂಬಿಕೆ.

ಲಿಂಕನ್‌ನ ಅಪ್ಪ ಥಾಮಸ್ ಮತ್ತು ಅಮ್ಮ ನ್ಯಾನ್ಸಿ ಹ್ಯಾಂಕ್ಸ್ ಮದುವೆಯ ವಿಚಾರವಂತೂ ಪಕ್ಕದ ಮನೆಯ ಅಜ್ಜಿಗೆ ಹೇಳಲೇಬೇಕು. ಮಗ ಹುಟ್ಟಿದ್ದು ಹಾರ್ಡಿನ್ ಕೌಂಟಿಯಲ್ಲಿ. ಜನ ಮದುವೆಯ ದಾಖಲೆಯನ್ನೂ ಅಲ್ಲೇ ಹುಡುಕಿದರು, ಸಿಗಲಿಲ್ಲ. ಸಿಗದಿದ್ದಕ್ಕೆ ಅವರಿಗೆ ಮದುವೆಯೇ ಆಗಿರಲಿಲ್ಲ ಅಂತ ಕೊಂಕು ಮಾತು ಹಬ್ಬಿತು, ಒಬ್ಬ ತಾಯಿಯ ಮಾನ ತೆಗೆಯುವ ಮಾತು. 1878ರಲ್ಲಿ ಪಕ್ಕದ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ ಕಾಗದ ಸಿಕ್ಕಿತು. 1806 ಜೂನ್ 12, ಪಾದ್ರಿ ಜೆಸ್ಸಿ ಹೆಡ್ ಮಾಡಿಸಿದ ಮದುವೆ. ಅಷ್ಟೊತ್ತಿಗೆ ಮಗ ತೀರಿಕೊಂಡು ಹದಿಮೂರು ವರ್ಷ ಆಗಿತ್ತು.

ಹೆಣ್ಣುಮಕ್ಕಳ ಕಡೆಯ ದಾರಿ ಯಾವಾಗಲೂ ಕಷ್ಟ. ಮದುವೆಯಾದ ಮೇಲೆ ಮನೆಹೆಸರು ಬದಲು, ಜಮೀನು ಅವರ ಹೆಸರಿನಲ್ಲಿ ಇಲ್ಲ, 1850ಕ್ಕೆ ಮುಂಚಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ, ಮಿಕ್ಕವರೆಲ್ಲ ಬರೀ ಸಂಖ್ಯೆ. ನ್ಯಾನ್ಸಿಯ ತಾಯಿ ಯಾರು ಅನ್ನುವ ಜಗಳ ಮುಗಿದಿದ್ದು 2015ರಲ್ಲಿ, ಅದೂ ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎ ಪರೀಕ್ಷೆಯಿಂದ. ಲೂಸಿ ಹ್ಯಾಂಕ್ಸ್ ಅವಳ ತಾಯಿ ಅಂತ ಆಯಿತು. ಗುಲಾಮರಾಗಿದ್ದವರ ಪಾಡು ಇದಕ್ಕಿಂತ ಕೆಟ್ಟದು. 1850 ಮತ್ತು 1860ರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ. ಅವರಲ್ಲಿ ಬಹುಪಾಲು ಜನರ ಹೆಸರು ಜನಗಣತಿಯಲ್ಲಿ ಮೊದಲು ಬಂದಿದ್ದು 1870ರಲ್ಲಿ. ಅಂಥ ಮನೆಯವರು ಹಿರೀಕರನ್ನು ಹುಡುಕಬೇಕಾದರೆ ಒಡೆಯನ ಉಯಿಲಿನಲ್ಲಿ, ದನಕರು ಪಾತ್ರೆಪಗಡೆಯ ಪಟ್ಟಿಯ ನಡುವೆ ಹುಡುಕಬೇಕು. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಅಜ್ಜಿಯ ಪಟ್ಟಿಯನ್ನು ಸುಳ್ಳು ಅನ್ನಬೇಡ, ಪೂರ್ತಿ ನಂಬಲೂ ಬೇಡ. ಅವರ ಜೊತೆ ಕೂತು ಕೆಳಗಿನಿಂದ ಮೇಲಕ್ಕೆ ಒಂದೊಂದೇ ತಲೆಮಾರು ಕೇಳು: ಇವನು ಇವನ ಮಗ ಅಂತ ಹೇಳುವ ಕಾಗದ ಯಾವುದು? ಹೆಸರು ಹೊಂದಿದೆ ಅನ್ನುವ ಉತ್ತರ ಬಂದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡು. 1752ಕ್ಕೆ ಮುಂಚಿನ ತಾರೀಖುಗಳಲ್ಲಿ 1735/36 ಅಂತ ಎರಡು ವರ್ಷ ಕಂಡರೆ ಗಾಬರಿ ಬೇಡ, ಆಗ ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪ್ರತಿಯೊಬ್ಬನೂ ಸತ್ತಾಗ ಅವನ ಊರು ಯಾವ ಕೌಂಟಿಯಲ್ಲಿತ್ತು ಅನ್ನುವುದನ್ನು, ಇವತ್ತಿನ ಹೆಸರಲ್ಲ, ಆ ವರ್ಷದ ಹೆಸರನ್ನು, ಪಕ್ಕದಲ್ಲಿ ಬರೆದುಕೊ. ಫೋಟೋದಲ್ಲಿ ನಾಲ್ಕನೆಯ ತಲೆಮಾರಿನವನ ಊರು ಸರಿಯಾಗಿ ಕಾಣುತ್ತಿಲ್ಲ, ಅದನ್ನು ಇನ್ನೊಮ್ಮೆ ತೆಗೆದು ಕಳಿಸು. ಅವನು ಮ್ಯಾಸಚೂಸೆಟ್ಸ್ ಬಿಟ್ಟ ಮೇಲೆ ಮುಂದಿನ ಹೆಸರು ಸೀದಾ ಓಹಾಯೊದಲ್ಲಿ ಬರುತ್ತದೆ, ನನಗೆ ಅನುಮಾನ ಇರುವುದು ಅಲ್ಲೇ.

ಇಂತಿ ನಿನ್ನ ಗೆಳೆಯ