ಒಂದೇ ಟೆಸ್ಟಿಗೆ ತೀರ್ಮಾನ ಬೇಡ ತಂಗೆವ್ವಾ

ಬಾಗಲಕೋಟೆ

ಪ್ರೀತಿಯ ತಂಗೆವ್ವಾ,

ನಿನ್ನ ಕಾಕಾನ ಆಶೀರ್ವಾದ. ವಿಜಯಪುರದಲ್ಲಿ ಫಿಸಿಯೋಥೆರಪಿ ಕೆಲಸಕ್ಕೆ ಸೇರಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಬಹಳ ಖುಷಿಯಾಯಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ಅದಕ್ಕೇ ಒಂದು ಮಾತು ಬರೆಯುತ್ತಿದ್ದೇನೆ.

ಟೊಂಕ ನೋವಿನವರು ದಿನಾ ಬರುತ್ತಾರೆ. ಮೊದಲು "ಒಂದೇ ಬೆರಳಲ್ಲಿ ತೋರಿಸ್ರಿ" ಅನ್ನು. ಕುಂಡಿಯ ಮೇಲ್ಗಡೆ ಕುಳಿ ಕಾಣುತ್ತದಲ್ವಾ, ಅದರ ಹತ್ತಿರವೇ ಮತ್ತೆ ಮತ್ತೆ ಬೆರಳಿಟ್ಟರೆ ಸೇಕ್ರೋಇಲಿಯಾಕ್ ಕೀಲಿನ ಮೇಲೆ, ಅಂದರೆ ಬೆನ್ನುಮೂಳೆ ಬುಡದ ಸೇಕ್ರಮ್ ಎಲುಬು ಸೊಂಟದ ಎಲುಬಿಗೆ ಸೇರುವ ಕೀಲಿನ ಮೇಲೆ, ಅನುಮಾನಪಡು. ಅನುಮಾನ ಅಷ್ಟೇ.

ನಾನು ಒಮ್ಮೆ ಅಲ್ಲೇ ಎಡವಿದೆ. ಇಳಕಲ್ ಕಡೆಯ ನೇಕಾರ, ದಿನವಿಡೀ ಕುಣಿ ಮಗ್ಗದಲ್ಲಿ ಕೂರುವವನು. ಅಂಗಾತ ಮಲಗಿಸಿ, ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಮಡಚಿದ ಮೊಣಕಾಲನ್ನು ಕೆಳಗೆ ಒತ್ತಿ ಫೇಬರ್ ಟೆಸ್ಟ್ ಮಾಡಿದೆ. ಚೀರಿದ. ಸೇಕ್ರೋಇಲಿಯಾಕ್ ಅಂತ ಬರೆದೇಬಿಟ್ಟೆ. ಎರಡು ತಿಂಗಳು ಬೆಲ್ಟು, ವ್ಯಾಯಾಮ. ನೋವು ಕಡಿಮೆಯಾಗಲಿಲ್ಲ. ಆಮೇಲೆ ಕೇಳಿದರೆ, ಒತ್ತಿದಾಗ ನೋವು ಬಂದದ್ದು ತೊಡೆಸಂದಿನಲ್ಲಂತೆ! ಸವೆದದ್ದು ತೊಡೆಯ ಕೀಲು. ಅವನ ಎರಡು ತಿಂಗಳ ದುಡಿಮೆ ಹಾಳಾಯಿತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಪ್ರತಿ ಟೆಸ್ಟಿನಲ್ಲೂ "ನೋವಾಯಿತಾ" ಅಂತಷ್ಟೇ ಕೇಳಬೇಡ. "ನೀವು ಹೇಳಿದ ಅದೇ ನೋವು, ಅದೇ ಜಾಗದಲ್ಲಿ ಬಂತಾ" ಅಂತ ಕೇಳು. ಥೈ ಥ್ರಸ್ಟ್ ಮತ್ತು ಡಿಸ್ಟ್ರಾಕ್ಷನ್ ಮೊದಲು ಮಾಡು. ಥೈ ಥ್ರಸ್ಟಿನಲ್ಲಿ ತೊಡೆಯನ್ನು 90 ಡಿಗ್ರಿಗೆ ಎತ್ತಿ, ಸೇಕ್ರಮ್ ಕೆಳಗೆ ಒಂದು ಕೈ ಇಟ್ಟು, ತೊಡೆಯ ಉದ್ದಕ್ಕೇ ನೇರ ಕೆಳಗೆ ಒತ್ತು. ಡಿಸ್ಟ್ರಾಕ್ಷನ್‌ನಲ್ಲಿ ಸೊಂಟದ ಮುಂದಿನ ಎರಡೂ ಎಲುಬಿನ ತುದಿ ಹಿಡಿದು ಹಿಂದಕ್ಕೆ, ಹೊರಗೆ ಒತ್ತಬೇಕು. ಆಮೇಲೆ ಮಗ್ಗುಲಲ್ಲಿ ಮಲಗಿಸಿ ಸೊಂಟದ ಎಲುಬನ್ನು ಒತ್ತುವ ಕಂಪ್ರೆಷನ್, ಬೋರಲು ಮಲಗಿಸಿ ಸೇಕ್ರಮ್ ಒತ್ತುವ ಸೇಕ್ರಲ್ ಥ್ರಸ್ಟ್, ಅಂಗಾತ ಮಲಗಿಸಿ ಒಂದು ಮೊಣಕಾಲನ್ನು ಎದೆಯ ಕಡೆಗೆ, ಇನ್ನೊಂದು ಕಾಲನ್ನು ಮಂಚದಂಚಿನಿಂದ ಕೆಳಗೆ ಒತ್ತುವ ಗೇನ್ಸ್ಲೆನ್. 2005ರಲ್ಲಿ ಲ್ಯಾಸ್ಲೆಟ್ ಅನ್ನುವ ಸಂಶೋಧಕ ಮತ್ತು ಜೊತೆಗಾರರು ಕೀಲಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಈ ಟೆಸ್ಟುಗಳನ್ನು ತಾಳೆ ನೋಡಿದ್ದರು. ಕೀಲೇ ಕಾರಣವಾಗಿದ್ದವರಲ್ಲಿ 94 ಪ್ರತಿಶತ ಮಂದಿಗೆ 3 ಅಥವಾ ಜಾಸ್ತಿ ಟೆಸ್ಟಿನಲ್ಲಿ ತಮ್ಮ ನೋವು ಬಂದಿತ್ತು. ಆದರೆ ಕಾರಣ ಬೇರೆ ಇದ್ದವರಲ್ಲೂ 22 ಪ್ರತಿಶತಕ್ಕೆ ಹಾಗೇ ಆಗಿತ್ತು. ಅದಕ್ಕೇ ಈ ಟೆಸ್ಟುಗಳಿಗೂ ಮೊದಲು ಬೆನ್ನುಮೂಳೆಯ ಡಿಸ್ಕಿನ ತೊಂದರೆ ಇದೆಯಾ ಅಂತ ನೋಡಿಕೋ. ಒಂದರಲ್ಲೂ ಆ ನೋವು ಬರಲಿಲ್ಲವೆಂದರೆ ಈ ಕೀಲನ್ನು ಬಿಟ್ಟು ಬೇರೆ ಕಡೆ ಹುಡುಕು.

"ಕೀಲು ಜಾರಿದೆ" ಅಂತ ಯಾರಿಗೂ ಹೇಳಬೇಡ. ಅದು ಅಲುಗುವುದೇ ಕೆಲವೇ ಡಿಗ್ರಿ. ಬೆರಳಿಟ್ಟು ಅದನ್ನು ಅಳೆಯುತ್ತೇನೆ ಅನ್ನುವುದನ್ನು ನಾನು ನಂಬುವುದಿಲ್ಲ. ಜನ ಆ ಮಾತು ಕೇಳಿ ಬಗ್ಗೋದಕ್ಕೇ ಹೆದರುತ್ತಾರೆ.

ಎಲುಬು ಸವೆದ ಅಜ್ಜಿಯರಿಗೆ ಜೋರಾಗಿ ಒತ್ತಬೇಡ. ಹರೆಯದವರು ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ ಅಂದರೆ, ಅಥವಾ ಜ್ವರ, ತೂಕ ಇಳಿದದ್ದು ಇದ್ದರೆ, ಟೆಸ್ಟು ಬದಿಗಿಟ್ಟು ಡಾಕ್ಟರ ಹತ್ತಿರ ಕಳಿಸು. ಮುಟ್ಟುವ ಮೊದಲು ಎಲ್ಲಿ ಕೈ ಇಡುತ್ತೀ ಅಂತ ಹೇಳಿ ಒಪ್ಪಿಗೆ ಕೇಳು. ನಮ್ಮ ಕಡೆಯ ಹೆಣ್ಣುಮಕ್ಕಳು ನಾಚಿಕೆಗೆ ಸುಮ್ನೆ ಹಲ್ಲುಕಚ್ಚಿ ಮಲಗಿರುತ್ತಾರೆ.

ಯುಗಾದಿಗೆ ಬಾ. ನನ್ನ ಮೇಲೆಯೇ ಥೈ ಥ್ರಸ್ಟ್ ಮಾಡಿ ತೋರಿಸು, ಕೈ ಎಲ್ಲಿಡುತ್ತೀ ನೋಡುತ್ತೇನೆ.

ನಿನ್ನ ಕಾಕಾ